ಕತ್ತಿ ತಾಗದ ಗಡ್ಡೆ: ಧ್ವನಿಚಿಕಿತ್ಸೆಯ ಒಂದು ಮೀಮಾಂಸೆ

ವಿಷಯ

ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದು ಸ್ಕ್ಯಾನಿಂಗ್ ರಿಪೋರ್ಟ್ ಬಂದ ಮೇಲೆ ಹಾಸನ ಜಿಲ್ಲೆಯ ಕೊಣನೂರಿನ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಊರು ಮತ್ತು ಕಾಲದ ಬಗ್ಗೆ. ಆಪರೇಷನ್ ಹಾಸನದಲ್ಲೋ, ಮೈಸೂರಿನಲ್ಲೋ? ಹೊಗೆಸೊಪ್ಪಿನ ಕೆಲಸಕ್ಕೆ ಮುಂಚೆಯೋ, ಸೊಪ್ಪೆಲ್ಲ ರಾಮನಾಥಪುರದ ಹರಾಜಿಗೆ ಹೋದ ಮೇಲೋ? ಗರ್ಭಕೋಶವನ್ನು ಹಾಗೇ ಬಿಟ್ಟು ಗಡ್ಡೆಯನ್ನಷ್ಟೇ ಕೊಲ್ಲಬಹುದೇ ಎಂಬ ಪ್ರಶ್ನೆ ಆ ಮಾತುಗಳ ನಡುವೆ ಏಳುವುದೇ ಅಪರೂಪ. ಕೊಲ್ಲಲು ಬರುತ್ತದೆ. ಹೊಟ್ಟೆ ಕೊಯ್ಯದೆ, ಗಡ್ಡೆಗೆ ಸೂಜಿಯನ್ನೂ ಇಳಿಸದೆ, ಹೊರಗಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಬಿಂದುವಿಗೆ ಕೂಡಿಸಿ, ಎಂಆರ್‌ಐ ಚಿತ್ರ ನೋಡುತ್ತಾ ಗಡ್ಡೆಯನ್ನು ಇದ್ದಲ್ಲೇ ಬೇಯಿಸುವ ವಿಧಾನವಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಮೊದಲ ಒಪ್ಪಿಗೆ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗೇ ಆಗಿತ್ತು.

ಈ ವಿದ್ಯೆಯನ್ನು ಹೊಗಳುವವರೂ ಇದ್ದಾರೆ, ಕಣ್ಕಟ್ಟು ಎಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರನ್ನೂ ಕೂರಿಸಿ ಮಾತು ಕೇಳುವುದಕ್ಕೆ ನಮ್ಮ ಮೀಮಾಂಸಕರು ಹಾಕಿಕೊಟ್ಟ ಕ್ರಮ ಈಗಲೂ ಅನುಕೂಲ: ವಿಷಯ ಇಡು, ಸಂಶಯ ಹೇಳು, ಎದುರಾಳಿಯ ಪಕ್ಷವನ್ನು ಅವನೇ ಮೆಚ್ಚುವಂತೆ ಮಂಡಿಸು, ಆಮೇಲೆ ನಿನ್ನ ಸಿದ್ಧಾಂತಕ್ಕೆ ಬಾ. ಜಾಹೀರಾತು ಬರೆಯುವವರು ಮೂರನೆಯ ಮೆಟ್ಟಿಲನ್ನು ಹತ್ತುವುದೇ ಇಲ್ಲ.

ಸಂಶಯ ಇಷ್ಟು. ಕೇಂದ್ರೀಕೃತ ಅಲ್ಟ್ರಾಸೌಂಡ್ ಎಂಬುದು ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಬಂದು ಕೂರುವಂಥದೋ, ಅಥವಾ ಕೆಲವೇ ಗಡ್ಡೆಗಳಿಗೆ, ಕೆಲವೇ ದೇಹಗಳಿಗೆ ಸಲ್ಲುವಂಥದೋ? ಎರಡನೆಯದೇ ಸರಿ ಎಂಬುದು ನನ್ನ ಪಕ್ಷ. ಸುಡುವ ಶಕ್ತಿ ಈ ವಿದ್ಯೆಗೆ ಮೊದಲಿನಿಂದಲೂ ಇತ್ತು. ಸುಡುತ್ತಿರುವಾಗಲೇ ಒಳಗೆ ಏನಾಗುತ್ತಿದೆ ಎಂದು ನೋಡುವ ಶಕ್ತಿ ಬಂದಾಗ ಅದು ಚಿಕಿತ್ಸೆಯಾಯಿತು. ಹಾಗಾಗಿ ಧ್ವನಿ ಮತ್ತು ನೋಟ ಎರಡೂ ಹೋಗಬಲ್ಲ ಕಡೆ ಮಾತ್ರ ಇದಕ್ಕೆ ಅಧಿಕಾರ.

ಸುಡುವುದು

ಬೆಂಕಿಯಿಂದ ರೋಗ ತೆಗೆಯುವುದು ಹಳೆಯ ಸಂಗತಿ. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೆ ಒಂದು ಅಧ್ಯಾಯವೇ ಮೀಸಲು. ಹೀಗೆ ಸುಟ್ಟ ರೋಗ ಮರಳುವುದಿಲ್ಲವೆಂಬ ಕಾರಣಕ್ಕೆ ಸುಶ್ರುತ ಅದನ್ನು ಕ್ಷಾರದ ಚಿಕಿತ್ಸೆಗಿಂತ ಮೇಲೆ ಇಟ್ಟಿದ್ದಾನೆ. ಅರ್ಬುದದ, ಅಂದರೆ ಗಡ್ಡೆಯ, ವಿಚಾರಕ್ಕೆ ಬಂದಾಗ ಇನ್ನೊಂದು ಎಚ್ಚರವನ್ನೂ ಸೇರಿಸಿದ್ದಾನೆ: ಸ್ವಲ್ಪ ಶೇಷ ಉಳಿಸಿದರೂ ಅದು ಬೇಗ ಮತ್ತೆ ಬೆಳೆಯುತ್ತದೆ. ಈ ಎಚ್ಚರದ ಮಾತಿಗೆ ಪೂರ್ವಪಕ್ಷದಲ್ಲಿ ಮತ್ತೆ ಬರಬೇಕಾಗುತ್ತದೆ.

ಧ್ವನಿಯೂ ಸುಡಬಲ್ಲದು ಎಂದು ಗೊತ್ತಾಗಿದ್ದು ಸಮುದ್ರದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪೌಲ್ ಲಾಂಜೆವಾನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರಿನೊಳಗೆ ತೀವ್ರ ಧ್ವನಿ ಹಾಯಿಸಿದಾಗ ಅಲೆಯ ಹಾದಿಗೆ ಸಿಕ್ಕ ಮೀನುಗಳು ಸತ್ತವು. ನೀರಿಗೆ ಕೈ ಇಟ್ಟವರಿಗೆ ನೋವಾಯಿತು. 1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಲಿನ್ ಮತ್ತು ಸಂಗಡಿಗರು ಧ್ವನಿಯನ್ನು ಒಂದು ಬಿಂದುವಿಗೆ ಕೂಡಿಸಿ, ದನದ ಯಕೃತ್ತಿನ ತುಂಡಿನೊಳಗೆ ಮೇಲ್ಪದರ ಕೆಡದಂತೆ ಸುಟ್ಟ ಕಲೆ ಮೂಡಿಸಿ ತೋರಿಸಿದರು. 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಮತ್ತು ಫ್ರಾನ್ಸಿಸ್ ಫ್ರೈ ಸಹೋದರರು ಮನುಷ್ಯರ ಮಿದುಳಿಗೂ ಇದನ್ನು ಹಾಯಿಸಿದರು. ಆದರೆ ತಲೆಬುರುಡೆ ಧ್ವನಿಗೆ ಅಡ್ಡ. ಅದರ ಒಂದು ಭಾಗವನ್ನು ತೆಗೆದೇ ಕೆಲಸ ಮಾಡಬೇಕಾಗಿತ್ತು. ಕೊಯ್ಯಬಾರದೆಂದು ಹೊರಟ ವಿದ್ಯೆಗೆ ಮೂಳೆ ಕೊಯ್ಯುವ ಗತಿ ಬಂತು.

ಕೆಲಸದ ಬಗೆ ಸರಳ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ಚಿಕಿತ್ಸೆಗೆ ಬಳಸುವುದು 10 ಲಕ್ಷದ ಆಸುಪಾಸಿನದು. ಮಾಂಸದೊಳಗೆ ಧ್ವನಿ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುವುದರಿಂದ ಒಂದೊಂದು ಅಲೆಯ ಉದ್ದ ಒಂದೂವರೆ ಮಿಲಿಮೀಟರ್. ಅಷ್ಟು ಚಿಕ್ಕ ಅಲೆಯನ್ನು ಚಿಕ್ಕ ಜಾಗಕ್ಕೆ ಕೂಡಿಸಬಹುದು. ತಟ್ಟೆಯಾಕಾರದ ಯಂತ್ರದಲ್ಲಿ ನೂರಾರು ಪುಟ್ಟ ಧ್ವನಿಮೂಲಗಳಿದ್ದು, ಎಲ್ಲದರ ಅಲೆಗಳೂ ಒಂದೇ ಬಿಂದುವಿಗೆ ಒಂದೇ ಕ್ಷಣಕ್ಕೆ ತಲುಪುವಂತೆ ಕಂಪ್ಯೂಟರ್ ಹೊಂದಿಸುತ್ತದೆ. ಹಾದಿಯಲ್ಲಿರುವ ಚರ್ಮ, ಕೊಬ್ಬು, ಸ್ನಾಯುವಿಗೆ ಸಿಗುವ ಪಾಲು ಅಲ್ಪ. ಕೂಡಿದ ಕಡೆ ಎರಡು ಮೂರು ಮಿಲಿಮೀಟರ್ ಅಗಲ, ಒಂದು ಸೆಂಟಿಮೀಟರ್ ಉದ್ದದ ಜಾಗ ಬೇಯುತ್ತದೆ. ಬಸಿರಿಯರಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಶಕ್ತಿ ಚದರ ಸೆಂಟಿಮೀಟರಿಗೆ ಒಂದು ವಾಟ್ ಕೂಡ ಇರುವುದಿಲ್ಲ. ಇಲ್ಲಿ ಕೂಡುಬಿಂದುವಿನಲ್ಲಿ ಸಾವಿರ ವಾಟ್ ದಾಟುತ್ತದೆ. ಹೀಗಾಗಿ ‘ಸ್ಕ್ಯಾನಿಂಗ್ ಮಾಡಿಸಿದರೆ ಮಗುವಿಗೆ ಸುಡುತ್ತದೆಯೇ’ ಎಂದು ಹೆದರಬೇಕಿಲ್ಲ. ಎರಡೂ ಒಂದೇ ಜಾತಿಯ ಅಲೆ, ಆದರೆ ಬಲದಲ್ಲಿ ಸಾವಿರ ಪಟ್ಟಿಗೂ ಮೀರಿದ ಅಂತರವಿದೆ.

ನೋಡುವುದು

1942ರಿಂದ 1990ರವರೆಗೆ ಸುಮಾರು ಅರ್ಧ ಶತಮಾನ ಈ ವಿದ್ಯೆ ಹೆಚ್ಚುಕಡಿಮೆ ಪ್ರಯೋಗಶಾಲೆಯಲ್ಲೇ ಉಳಿಯಿತು. ಅಲೆ ಕೂಡುವ ಬಿಂದು ಗಡ್ಡೆಯೊಳಗಿದೆಯೋ, ಅದರ ಪಕ್ಕದ ನರದ ಮೇಲಿದೆಯೋ, ಅಲ್ಲಿ ಎಷ್ಟು ಶಾಖವೇರಿತು, ಸಾಕಾಯಿತೋ ಇಲ್ಲವೋ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ.

ಧ್ವನಿಯನ್ನು ಕಣ್ಣಿಗೆ ಕಾಣಿಸುವ ಕೆಲಸದಲ್ಲಿ ಬೆಂಗಳೂರಿಗೆ ಒಂದು ಪಾಲಿದೆ, ನಮ್ಮವರು ಅದನ್ನು ಹೇಳಿಕೊಳ್ಳುವುದು ಕಡಿಮೆ. 1935–36ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ಇಬ್ಬರೂ, ದ್ರವದೊಳಗೆ ಹಾಯುವ ಅಲ್ಟ್ರಾಸೌಂಡ್ ಅಲೆ ತನ್ನನ್ನು ದಾಟುವ ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬುದಕ್ಕೆ ಸಿದ್ಧಾಂತ ಕೊಟ್ಟರು. ಅಲೆಯಿಂದ ಬೆಳಕು ಚದುರುವ ಆ ಸಂಗತಿಯನ್ನೇ ಹಿಡಿದು, ನೀರಿನ ತೊಟ್ಟಿಯಲ್ಲಿ ಅಲ್ಟ್ರಾಸೌಂಡ್ ಅಲೆಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಬೆಳಕಿನಲ್ಲಿ ಚಿತ್ರವಾಗಿ ನೋಡುವ ಪರೀಕ್ಷೆಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ತೊಟ್ಟಿಯೊಳಗೆ ಬೆಳಕು ಹಾಯುತ್ತದೆ, ಹೊಟ್ಟೆಯೊಳಗೆ ಹಾಯುವುದಿಲ್ಲ.

ಹೊಟ್ಟೆಯೊಳಗಿನ ಕಣ್ಣು ಸಿಕ್ಕಿದ್ದು 1990ರ ದಶಕದಲ್ಲಿ, ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ. ಹಂಗೇರಿ ಮೂಲದ ಫೆರೆಂಕ್ ಯೋಲೆಸ್ ಮತ್ತು ಫಿನ್ಲೆಂಡಿನ ಕುಲ್ಲೆರ್ವೊ ಹೈನಿನೆನ್ ಎಂಬವರು ಧ್ವನಿಯಂತ್ರವನ್ನು ಎಂಆರ್‌ಐ ಮೇಜಿನೊಳಗೇ ಕೂರಿಸಿದರು. ಎಂಆರ್‌ಐ ನೋಡುವುದು ನೀರಿನ ಹೈಡ್ರೋಜನ್ ಕಣಗಳನ್ನು. ನೀರು ಒಂದು ಡಿಗ್ರಿ ಬಿಸಿಯಾದರೆ ಆ ಕಣಗಳ ಕಂಪನದಲ್ಲಿ 10 ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಾಗುತ್ತದೆ. ಯಂತ್ರಕ್ಕೆ ಅಷ್ಟು ಸಾಕು. ಅದರಿಂದಲೇ ಒಳಗಿನ ಶಾಖದ ನಕ್ಷೆ ಬರೆದು ಕೆಲವು ಸೆಕೆಂಡುಗಳಿಗೊಮ್ಮೆ ಪರದೆಗೆ ತರುತ್ತದೆ. ಒಂದು ಕೊರತೆಯೂ ಇದೆ: ಕೊಬ್ಬಿನಲ್ಲಿ ಈ ವ್ಯತ್ಯಾಸ ಆಗುವುದಿಲ್ಲ, ಆದ್ದರಿಂದ ಕೊಬ್ಬಿನ ಶಾಖಕ್ಕೆ ಈ ಕಣ್ಣು ಕುರುಡು.

ಶಾಖ ಎಷ್ಟು ಬೇಕು? ಇದನ್ನು ಕೊಣನೂರು ಸೀಮೆಯ ಹೊಗೆಸೊಪ್ಪಿನ ರೈತನಿಗೆ ಹೇಳಿಕೊಡಬೇಕಿಲ್ಲ. ಬ್ಯಾರನ್‌ಗೆ ಸೊಪ್ಪು ತುಂಬಿ ಒಲೆ ಹಚ್ಚಿದ ಮೇಲೆ ಆತ ರಾತ್ರಿಯೆಲ್ಲ ಎದ್ದೆದ್ದು ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡುತ್ತಾನೆ. ಎಲೆ ಹಳದಿಗೆ ತಿರುಗುವ ತನಕ ಇಷ್ಟು, ದಂಟು ಒಣಗುವ ಹೊತ್ತಿಗೆ ಇಷ್ಟು. ಅವಸರಕ್ಕೆ ಏರಿಸಿದರೆ ಸೊಪ್ಪು ಕಪ್ಪಾಗಿ ಹರಾಜಿನಲ್ಲಿ ದರ ಬೀಳುತ್ತದೆ, ಇಳಿಸಿದರೆ ದಂಟು ಹಸಿಯಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಶಾಖ ಮತ್ತು ಹೊತ್ತು ಎರಡರ ಲೆಕ್ಕ ಅದು. ಜೀವಕೋಶದ ಲೆಕ್ಕವೂ ಹಾಗೆಯೇ. 43 ಡಿಗ್ರಿ ಸೆಲ್ಸಿಯಸ್‌ನಲ್ಲಿ 240 ನಿಮಿಷ ಇಟ್ಟರೆ ಅಂಗಾಂಶ ಸಾಯುತ್ತದೆ ಎಂಬುದು ಬಳಕೆಯಲ್ಲಿರುವ ಮಾನದಂಡ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಬೇಕಾದ ಸಮಯ ಅರ್ಧಕ್ಕರ್ಧ ಇಳಿಯುತ್ತದೆ: 44ಕ್ಕೆ 120 ನಿಮಿಷ, 45ಕ್ಕೆ 60. ಹೀಗೇ ಇಳಿಸುತ್ತಾ ಹೋದರೆ 56 ಡಿಗ್ರಿಗೆ ಬರುವಷ್ಟರಲ್ಲಿ ಎರಡು ಸೆಕೆಂಡೂ ಬೇಡ. ಥರ್ಮಾಮೀಟರ್ ಇಲ್ಲದ ಫ್ರೈ ಸಹೋದರರಿಗೂ ಥರ್ಮಾಮೀಟರ್ ಇರುವ ಇಂದಿನವರಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಎಲ್ಲವೂ ಇಷ್ಟರಲ್ಲೇ ಇದೆ.

ಫೈಬ್ರಾಯ್ಡ್ ಚಿಕಿತ್ಸೆ ಹೇಗೆ ನಡೆಯುತ್ತದೆಂದು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಹೆಂಗಸು ಎಂಆರ್‌ಐ ಮೇಜಿನ ಮೇಲೆ ಬೋರಲು ಮಲಗುತ್ತಾಳೆ. ಹೊಟ್ಟೆಯ ಕೂದಲು ತೆಗೆದಿರುತ್ತಾರೆ, ಮೂತ್ರಕ್ಕೆ ನಳಿಕೆ ಹಾಕಿರುತ್ತಾರೆ, ಹೊಟ್ಟೆಯ ಕೆಳಗೆ ಗಾಳಿಗುಳ್ಳೆ ತೆಗೆದ ನೀರು. ಮಂಪರು ಬರುವಷ್ಟು ಮಾತ್ರ ಔಷಧಿ. ಪೂರ್ತಿ ಅರಿವಳಿಕೆ ಇಲ್ಲ. ಕೈಯಲ್ಲಿ ಒಂದು ಗುಂಡಿ ಕೊಟ್ಟಿರುತ್ತಾರೆ. ಉರಿಯಾದರೆ, ಕಾಲಿಗೆ ಸೆಳೆತ ಬಂದರೆ ಒತ್ತಬೇಕು, ಒತ್ತಿದ ಕೂಡಲೇ ಧ್ವನಿ ನಿಲ್ಲುತ್ತದೆ. ವೈದ್ಯರು ಮೊದಲು ಕಡಿಮೆ ಬಲದ ಅಲೆಯನ್ನು ಬಿಡುತ್ತಾರೆ. ಅಂಗಾಂಶ ಸಾಯದಷ್ಟು, ಚಿತ್ರದಲ್ಲಿ ಮಾತ್ರ ಬಿಸಿ ಕಾಣುವಷ್ಟು. ಬಿಸಿಯಾದ ಚುಕ್ಕೆ ಅಂದುಕೊಂಡ ಜಾಗದಿಂದ ಸ್ವಲ್ಪ ಸರಿದಿದ್ದರೆ ಸರಿಪಡಿಸಿ, ಆಮೇಲೆ ಪೂರ್ತಿ ಬಲ. ಒಂದೊಂದು ಬಾರಿ 20 ಸೆಕೆಂಡ್ ಸುಮಾರಿಗೆ ಸುಡುವುದು, ನಡುವೆ ಹಾದಿಯ ಚರ್ಮ ತಣಿಯಲು ಬಿಡುವುದು, ಮತ್ತೆ ಪಕ್ಕದ ಚುಕ್ಕೆ. ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಕೊನೆಗೆ ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ರಕ್ತ ಓಡದ ಭಾಗ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಎಷ್ಟೋ ಗಡ್ಡೆ ಅಷ್ಟು ಸತ್ತಿದೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಸತ್ತ ಗಡ್ಡೆ ತಿಂಗಳುಗಟ್ಟಲೆ ಕುಗ್ಗುತ್ತಾ ಬರುತ್ತದೆ.

ಅಧಿಕಾರ

ಮೀಮಾಂಸೆಯಲ್ಲಿ ಕರ್ಮಕ್ಕೆ ಯಾರು ಅಧಿಕಾರಿ ಎಂಬ ಪ್ರಶ್ನೆಗೆ ದೊಡ್ಡ ಜಾಗವಿದೆ. ಇಲ್ಲಿಯೂ ಅದೇ ಮುಖ್ಯ.

ಕಾವೇರಿಯ ದಂಡೆಯ ಈ ಸೀಮೆಗೆ ಸಂಬಂಧಿಸಿದ ಒಂದು ಕಹಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಣನೂರು, ರಾಮನಾಥಪುರದ ಸುತ್ತ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ಸಿಗರೇಟಿಗೆ ಹೋಗುತ್ತದೆ. ಎಲೆ ಅಡಿಕೆಯ ಜೊತೆ ಜಗಿಯುವ ಕಡ್ಡಿಪುಡಿ ಬೇರೆ ತಳಿಯದು. ಒಂದು ಶ್ವಾಸಕೋಶದ ಕ್ಯಾನ್ಸರ್‌ಗೆ ದಾರಿ, ಇನ್ನೊಂದು ಬಾಯಿಯ ಕ್ಯಾನ್ಸರ್‌ಗೆ. ಈ ಎರಡಕ್ಕೂ ಧ್ವನಿಚಿಕಿತ್ಸೆ ಒದಗುವುದಿಲ್ಲ. ಧ್ವನಿಗೆ ಗಾಳಿಯ ಗಡಿ ಗೋಡೆಯಿದ್ದಂತೆ. ಅಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಹಿಂತಿರುಗುತ್ತದೆ. ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ತಣ್ಣನೆಯ ಜೆಲ್ ಸವರುವುದು ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಉಳಿಯದಿರಲಿ ಎಂದೇ. ಗಾಳಿ ತುಂಬಿದ ಶ್ವಾಸಕೋಶ ಹಾಗಾಗಿ ಹೊರಗುಳಿಯಿತು. ಕೆನ್ನೆಯ ಒಳಗಿನ ಹುಣ್ಣಿಗೆ ಒಂದು ಕಡೆ ಬಾಯಿಯ ಗಾಳಿ, ಇನ್ನೊಂದು ಕಡೆ ದವಡೆಯ ಮೂಳೆ. ಜೊತೆಗೆ ಆ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುವ ಸ್ವಭಾವದ್ದು. ಅದಕ್ಕೆ ಈಗಲೂ ಕತ್ತಿ, ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ, ಕೀಮೋ ಇವೇ ಗತಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯ ಧರ್ಮಶಾಲೆಯಲ್ಲಿ ಬಾಯಿಗೆ ಬಟ್ಟೆ ಹಿಡಿದು ಕೂತವರಿಗೆ ಈ ಬರಹದಲ್ಲಿ ಹೇಳುವಂಥದು ಏನೂ ಇಲ್ಲ, ಜಗಿಯುವುದನ್ನು ಬಿಡಿ ಎಂಬುದರ ಹೊರತು.

ಯಾರಿಗೆ ಸಲ್ಲುತ್ತದೆ? ಫೈಬ್ರಾಯ್ಡ್‌ನ ಮಾತು ಆಯಿತು. ಅದರಲ್ಲೂ ಸುಣ್ಣಗಟ್ಟಿದ ಗಡ್ಡೆ, ತೊಟ್ಟಿನ ಮೇಲೆ ಜೋತಾಡುವ ಗಡ್ಡೆ, ಕರುಳಿನ ಹಿಂದೆ ಅಡಗಿದ ಗಡ್ಡೆ ಇವು ಹೊರಗೆ. ಎರಡನೆಯದು ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವು. ಅಲೆ ಮೂಳೆಯ ಮೇಲ್ಮೈಯಲ್ಲೇ ಇಂಗಿ ಅಲ್ಲಿನ ನೋವಿನ ನರಗಳನ್ನು ಸುಡುತ್ತದೆ. ಕ್ಯಾನ್ಸರ್ ವಾಸಿಯಾಗುವುದಿಲ್ಲ, ಮಲಗಲು ಬರುತ್ತದೆ. ವಿಕಿರಣ ಫಲಿಸದ ಅಥವಾ ಸಲ್ಲದ 147 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64 ಮಂದಿಗೆ ನೋವು ತಗ್ಗಿತು. ಯಂತ್ರದಲ್ಲಿ ಮಲಗಿಸಿ ಅಲೆ ಹಾಯಿಸದವರಲ್ಲಿ ನೂರಕ್ಕೆ 20 ಮಂದಿಗೆ. ಆ 20ನ್ನು ಮರೆಯಬಾರದು. ಯಂತ್ರದ ಭವ್ಯತೆಗೇ ಅಷ್ಟು ನೋವು ಇಳಿಸುವ ಶಕ್ತಿ ಇದೆ.

ಪ್ರಾಸ್ಟೇಟ್ ಗ್ರಂಥಿಯ ಅಂಗಾಂಶ ಸುಡಲು 2015ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಮಿದುಳಿನ ದಾರಿ ಸ್ವಾರಸ್ಯಕರ: 1,024 ಧ್ವನಿಮೂಲಗಳ ಹೆಲ್ಮೆಟ್ ಮಾಡಿ, ತಲೆಬುರುಡೆಯ ದಪ್ಪವನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆದು, ಪ್ರತಿ ಅಲೆಗೂ ಬೇರೆ ಬೇರೆ ತಡವನ್ನು ಲೆಕ್ಕ ಹಾಕಿ, ಫ್ರೈ ಸಹೋದರರು ತೆಗೆಯಬೇಕಾಗಿದ್ದ ಮೂಳೆಯನ್ನು ತೆಗೆಯದೆಯೇ ದಾಟಿದರು. ಕೈನಡುಕಕ್ಕೆ 2016ರಲ್ಲಿ ಒಪ್ಪಿಗೆಯಾಯಿತು. ಮಿದುಳಿನ ಗಡ್ಡೆಯ ವಿಷಯದಲ್ಲಿ ಈಗ ನಡೆಯುತ್ತಿರುವುದು ಸುಡುವ ಕೆಲಸಕ್ಕಿಂತ ಬಾಗಿಲು ತೆರೆಯುವ ಕೆಲಸ: ಸಣ್ಣ ಬಲದ ಅಲೆಯಿಂದ ರಕ್ತನಾಳದ ಗೋಡೆಯನ್ನು ಕೆಲವು ಗಂಟೆ ಸಡಿಲಿಸಿ ಔಷಧಿ ಒಳಬಿಡುವುದು. ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ 2015ರಲ್ಲಿ ಇದು ಮೊದಲು ನಡೆಯಿತು.

ಯಕೃತ್ತಿಗೆ ಬಂದರೆ ಶಾಖವೇ ಬೇಡವಾಗಿದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಹಿಸ್ಟೋಟ್ರಿಪ್ಸಿ ಎಂಬ ವಿಧಾನದಲ್ಲಿ ಅತಿ ಚಿಕ್ಕ, ಅತಿ ಬಲದ ಮಿಡಿತಗಳು ಗುಳ್ಳೆಗಳನ್ನೆಬ್ಬಿಸಿ ಒಡೆಯುತ್ತವೆ, ಕೋಶಗಳು ನುಚ್ಚಾಗುತ್ತವೆ. 2023ರ ಅಕ್ಟೋಬರ್‌ನಲ್ಲಿ ಯಕೃತ್ತಿನ ಗಡ್ಡೆಗೆ ಒಪ್ಪಿಗೆ ಸಿಕ್ಕಿದೆ; 44 ಮಂದಿಯ ಪರೀಕ್ಷೆಯಲ್ಲಿ ನೂರಕ್ಕೆ 95ರಷ್ಟು ಗಡ್ಡೆಗಳಲ್ಲಿ ಗುರಿ ಮುಟ್ಟಿತೆಂದು ವರದಿಯಾಯಿತು. ಗುರಿ ಮುಟ್ಟಿತು ಎಂದರೆ ರೋಗಿ ಹೆಚ್ಚು ಕಾಲ ಬದುಕಿದ ಎಂದು ಅರ್ಥವಲ್ಲ. ಅದಕ್ಕೆ ವರ್ಷಗಳು ಬೇಕು.

ಪೂರ್ವಪಕ್ಷ

ಮೊದಲ ಆಕ್ಷೇಪ ಪ್ರಮಾಣದ್ದು, ಎಲ್ಲಕ್ಕಿಂತ ಗಟ್ಟಿಯಾದದ್ದೂ ಅದೇ. ಶಸ್ತ್ರವೈದ್ಯ ಗಡ್ಡೆಯನ್ನು ಕೈಯಲ್ಲಿ ಹಿಡಿಯುತ್ತಾನೆ. ಅದು ಲ್ಯಾಬಿಗೆ ಹೋಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದು ಏನೆಂದು ತಿಳಿಯುತ್ತದೆ. ಅದು ಪ್ರತ್ಯಕ್ಷ. ನೀವು ಮಾಡುವುದು ಅನುಮಾನ. ನೀರಿನ ಕಂಪನದಿಂದ ಶಾಖವನ್ನು, ಶಾಖದಿಂದ ಸಾವನ್ನು ಊಹಿಸುತ್ತೀರಿ; ಸಾಕ್ಷ್ಯವಾಗಬೇಕಾದ ಗಡ್ಡೆಯನ್ನೇ ಸುಟ್ಟುಬಿಡುತ್ತೀರಿ. ಫೈಬ್ರಾಯ್ಡ್ ಎಂದುಕೊಂಡಿದ್ದು ಅಪರೂಪಕ್ಕೆ ಸಾರ್ಕೋಮ ಎಂಬ ಕ್ಯಾನ್ಸರ್ ಆಗಿದ್ದರೆ? ಫೈಬ್ರಾಯ್ಡ್ ಆಪರೇಷನ್ ಮಾಡಿಸಿಕೊಳ್ಳುವ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಗುರುತಿಸದ ಸಾರ್ಕೋಮ ಇರಬಹುದೆಂದು 2014ರಲ್ಲಿ ಅಮೆರಿಕದ ಅದೇ ಆಡಳಿತ ಅಂದಾಜಿಸಿ, ಗಡ್ಡೆಯನ್ನು ಹೊಟ್ಟೆಯೊಳಗೇ ಪುಡಿ ಮಾಡಿ ತೆಗೆಯುವ ಯಂತ್ರದ ಬಗ್ಗೆ ಎಚ್ಚರಿಕೆ ಕೊಡಲಿಲ್ಲವೇ?

ಇದಕ್ಕೆ ಪೂರ್ತಿ ಉತ್ತರವಿಲ್ಲ, ಭಾಗಶಃ ಉತ್ತರವಿದೆ. ಸುಡುವ ಮೊದಲಿನ ಎಂಆರ್‌ಐ ಸಾದಾ ಸ್ಕ್ಯಾನಿಂಗ್‌ಗಿಂತ ಹೆಚ್ಚು ಹೇಳುತ್ತದೆ. ಅನುಮಾನ ಬರುವ ಗಡ್ಡೆಯನ್ನು, ವೇಗವಾಗಿ ಬೆಳೆದದ್ದನ್ನು, ಮುಟ್ಟು ನಿಂತ ಮೇಲೂ ಬೆಳೆಯುವುದನ್ನು ಈ ಚಿಕಿತ್ಸೆಯಿಂದ ಹೊರಗಿಡುತ್ತಾರೆ. ಕ್ಯಾನ್ಸರ್ ಗಡ್ಡೆಯಾದರೆ ಮೊದಲೇ ಸೂಜಿಯಿಂದ ಬಯಾಪ್ಸಿ ಮಾಡಿಯೇ ಮುಂದುವರಿಯಬೇಕು. ಆಮೇಲೂ ಒಂದಿಷ್ಟು ಅನಿಶ್ಚಿತತೆ ಉಳಿಯುತ್ತದೆ. ಅದನ್ನು ರೋಗಿಗೆ ಹೇಳದೆ ಸಹಿ ಹಾಕಿಸಿಕೊಳ್ಳುವ ಆಸ್ಪತ್ರೆ ತಪ್ಪು ಮಾಡುತ್ತದೆ.

ಎರಡನೆಯದು ಸುಶ್ರುತನ ಶೇಷ. ಅಂಚಿನಲ್ಲಿ ನಾಲ್ಕು ಕೋಶ ಉಳಿದರೂ ಮತ್ತೆ ಬೆಳೆಯುವುದಿಲ್ಲವೇ? ಬೆಳೆಯುತ್ತದೆ. ಅಂಚಿನ ರಕ್ತನಾಳಗಳು ಶಾಖವನ್ನು ಕೊಚ್ಚಿಕೊಂಡು ಹೋಗುವುದರಿಂದ ಅಂಚೇ ಕಷ್ಟ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲದ್ದರಿಂದ ಅಂಚು ಉಳಿದರೆ ಜೀವಕ್ಕೆ ಅಪಾಯವಿಲ್ಲ, ಆದರೆ ಕೆಲವರಿಗೆ ಕೆಲವು ವರ್ಷಗಳಲ್ಲಿ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಕೊನೆಯ ಚಿತ್ರದಲ್ಲಿ ಕಪ್ಪು ಭಾಗ ದೊಡ್ಡದಿದ್ದಷ್ಟೂ ಆ ಸಂಭವ ಕಡಿಮೆ. ಕ್ಯಾನ್ಸರ್‌ನಲ್ಲಿ ಈ ಆಕ್ಷೇಪಕ್ಕೆ ತೂಕ ಹೆಚ್ಚು. ಕೊಯ್ದು ತೆಗೆಯಬಹುದಾದ ಕ್ಯಾನ್ಸರ್ ಇದ್ದರೆ ಕೊಯ್ದು ತೆಗೆಸುವುದೇ ಸರಿ ಎಂದು ನಾನು ಸೋಲೊಪ್ಪುತ್ತೇನೆ.

ಮೂರನೆಯದು ಹಳ್ಳಿಯ ಕಟ್ಟೆಯಲ್ಲಿ ಕೇಳುವ ವಾದ, ಇದು ನನ್ನ ಪರವಾಗಿ ಬರುವ ಕೆಟ್ಟ ವಾದ: ಗಡ್ಡೆಗೆ ಕತ್ತಿ ತಾಗಿಸಿದರೆ ಹರಡುತ್ತದೆ, ಆದ್ದರಿಂದ ಧ್ವನಿಯೇ ಒಳ್ಳೆಯದು. ಈ ಬೆಂಬಲ ನನಗೆ ಬೇಡ. ಬಯಾಪ್ಸಿಯಿಂದ ಹರಡುತ್ತದೆಂದು ಹೆದರಿ ನಾಟಿ ಔಷಧಿಗೆ ತಿಂಗಳುಗಟ್ಟಲೆ ಕಳೆಯುವುದರಿಂದ ಹರಡುತ್ತದೆ. ಕತ್ತಿಯ ಭಯದಿಂದ ಧ್ವನಿಯನ್ನು ಆರಿಸಿಕೊಳ್ಳುವವರು ನಾಳೆ ಧ್ವನಿಯ ಭಯದಿಂದ ಏನನ್ನೂ ಆರಿಸಿಕೊಳ್ಳುವುದಿಲ್ಲ.

ನಾಲ್ಕನೆಯದಕ್ಕೆ ಉದ್ದದ ಉತ್ತರ ಬೇಕು. ‘ಮಕ್ಕಳಾಯ್ತು, ಆಪರೇಷನ್ನೂ ಆಯ್ತು. ಇನ್ನು ಆ ಗರ್ಭಕೋಶ ಇಟ್ಟುಕೊಂಡು ಏನು ಮಾಡ್ತೀಯವ್ವಾ, ತೆಗೆಸಿಬಿಡು. ತಿಂಗಳ ಕಾಟವೂ ತಪ್ಪುತ್ತೆ, ಕ್ಯಾನ್ಸರ್ ಭಯವೂ ಇರಲ್ಲ.’ ಅತ್ತೆಯೂ ಹೀಗೆ ಹೇಳುತ್ತಾಳೆ, ಕೆಲವು ವೈದ್ಯರೂ ಹೀಗೆಯೇ ಹೇಳುತ್ತಾರೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ ಆದ್ದರಿಂದ ಈ ವಾದಕ್ಕೆ ಕೇಳುಗರ ಕೊರತೆಯಿಲ್ಲ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆ ತೋರಿಸಿದೆ. 2015ರ ಸುಮಾರಿಗೆ ಅಲ್ಲಿನ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಸಣ್ಣಪುಟ್ಟ ದೂರಿಗೂ ತೆಗೆದುಹಾಕುತ್ತಿದ್ದ ಸಂಗತಿ ಬಯಲಾಗಿ, ಮಹಿಳೆಯರು ಬೀದಿಗಿಳಿದು, ಸರ್ಕಾರ ತನಿಖೆ ಮಾಡಿಸಬೇಕಾಯಿತು.

ಸಿದ್ಧಾಂತಿಯ ಉತ್ತರ: ಅಂಡಾಶಯ ಉಳಿಸಿದರೂ ಗರ್ಭಕೋಶ ತೆಗೆದ ಹೆಂಗಸಿನಲ್ಲಿ ಅಂಡಾಶಯ ಬೇಗ ದಣಿಯುವ ಸಂಭವ ಹೆಚ್ಚು. ಅಂಡಾಶಯವನ್ನೂ ಜೊತೆಗೇ ತೆಗೆದರೆ ಮೂವತ್ತೈದರ ಹೆಂಗಸಿಗೆ ಮೂಳೆ ಸವೆತ, ಬಿಸಿಯುರಿ, ಹೃದಯದ ಅಪಾಯ ಮುಂಚಿತವಾಗಿಯೇ ಬಂದು ಕೂರುತ್ತವೆ. ಆಪರೇಷನ್ ಆದ ಮೇಲೆ ಆರು ವಾರ ಭಾರ ಎತ್ತಬಾರದು ಎನ್ನುತ್ತಾರೆ. ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ಶುಂಠಿ ಕೀಳುವ ಕೂಲಿಯವಳಿಗೆ ಆರು ವಾರ ಎಂದರೆ ಒಂದು ಹಂಗಾಮು. ಕ್ಯಾನ್ಸರ್ ಭಯಕ್ಕೆ ಗರ್ಭಕೊರಳಿನ ತಪಾಸಣೆ ಇದೆ. ಮುಟ್ಟಿನ ಕಾಟಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ಗಡ್ಡೆಯನ್ನಷ್ಟೇ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆಯಿದೆ, ರಕ್ತನಾಳ ಮುಚ್ಚುವ ವಿಧಾನವಿದೆ. ಧ್ವನಿ ಈ ಸಾಲಿನಲ್ಲಿ ಒಂದು. ಕೊಣನೂರಿನ ಹೆಂಗಸಿಗೆ ಇವತ್ತು ಹೆಚ್ಚು ಹತ್ತಿರದಲ್ಲಿ ಸಿಗುವುದು ಹಾರ್ಮೋನ್ ಸಾಧನವೇ ಇರಬಹುದು. ಹಾಗಾದರೆ ಅದೇ ಆಗಲಿ. ಗರ್ಭಕೋಶ ತೆಗೆಯುವುದು ಮೊದಲ ಉತ್ತರ ಆಗಬಾರದು ಎಂಬುದಷ್ಟೇ ನನ್ನ ಹಟ.

ಐದನೆಯದು ಸುಟ್ಟಗಾಯದ ಆಕ್ಷೇಪ. ಹೊರಗೆ ಗಾಯವಿಲ್ಲ ಎನ್ನುತ್ತೀರಿ, ಚರ್ಮ ಸುಟ್ಟ, ಕಾಲಿನ ನರಕ್ಕೆ ಪೆಟ್ಟಾದ ಪ್ರಕರಣಗಳಿಲ್ಲವೇ? ಇವೆ, ಅಪರೂಪಕ್ಕೆ. ಗರ್ಭಕೋಶದ ಹಿಂದೆಯೇ ಕಾಲಿಗೆ ಇಳಿಯುವ ದೊಡ್ಡ ನರ ಹೋಗುತ್ತದೆ. ಹೊಟ್ಟೆಯ ಮೇಲಿನ ಹಳೆಯ ಕಲೆ ಅಲೆಯನ್ನು ಹೆಚ್ಚು ಹೀರಿಕೊಂಡು ಬಿಸಿಯಾಗುತ್ತದೆ. ಈ ಕಲೆಯ ಮಾತು ನಮ್ಮಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯ, ಏಕೆಂದರೆ ಸಿಸೇರಿಯನ್ ಮತ್ತು ಸಂತಾನಹರಣದ ಗುರುತು ಹೊತ್ತ ಹೊಟ್ಟೆಗಳೇ ಜಾಸ್ತಿ. ಕಲೆ ತಪ್ಪಿಸಿ ಅಲೆ ಹಾಯಿಸಲು ಆಗದಿದ್ದರೆ ಆಕೆ ಈ ಚಿಕಿತ್ಸೆಗೆ ಅಧಿಕಾರಿಯಲ್ಲ ಎಂದು ತಿರುಗಿ ಕಳುಹಿಸಬೇಕು.

ಆರನೆಯ ಆಕ್ಷೇಪ ನನ್ನ ಸಿದ್ಧಾಂತದ ಬುಡಕ್ಕೇ ಕೈ ಹಾಕುತ್ತದೆ. ನೋಟವೇ ಮುಖ್ಯ, ಎಂಆರ್‌ಐ ಬಂದಮೇಲೆ ಇದು ಚಿಕಿತ್ಸೆಯಾಯಿತು ಎಂದಿರಿ. ಹಾಗಾದರೆ ನಾಲ್ಕು ಗಂಟೆ ಎಂಆರ್‌ಐ ಹಿಡಿದಿಡುವ ಚಿಕಿತ್ಸೆ ಬಡವರಿಗೆ ದಕ್ಕುವುದು ಯಾವ ಕಾಲಕ್ಕೆ? ಎಂಆರ್‌ಐ ಬಿಟ್ಟರೆ ದರ ಇಳಿಯುತ್ತದೆ, ಆದರೆ ನಿಮ್ಮ ಸಿದ್ಧಾಂತ ಬೀಳುತ್ತದೆ. ಚೀನಾದ ಚಾಂಗ್‌ಚಿಂಗ್‌ನಲ್ಲಿ 1990ರ ದಶಕದಿಂದ ವಾಂಗ್ ಝಿಬಿಯಾವೊ ಅವರ ತಂಡ ಎಂಆರ್‌ಐ ಇಲ್ಲದೆ, ಸಾದಾ ಅಲ್ಟ್ರಾಸೌಂಡ್ ಚಿತ್ರ ನೋಡಿಯೇ ಗಡ್ಡೆ ಸುಡುತ್ತಾ ಬಂದಿಲ್ಲವೇ?

ಇಲ್ಲಿ ಸಿದ್ಧಾಂತವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ನೋಟ ಬೇಕು ಎಂಬುದು ನಿಲ್ಲುತ್ತದೆ. ಆ ನೋಟ ಎಂಆರ್‌ಐಯದೇ ಆಗಬೇಕೆಂಬುದು ನಿಲ್ಲುವುದಿಲ್ಲ. ಅಲ್ಟ್ರಾಸೌಂಡ್ ಚಿತ್ರ ಡಿಗ್ರಿ ಹೇಳುವುದಿಲ್ಲ, ಆದರೆ ಉಸಿರಿನ ಜೊತೆ ಮೇಲೆ ಕೆಳಗೆ ಸರಿಯುವ ಯಕೃತ್ತನ್ನು ಎಂಆರ್‌ಐಗಿಂತ ಚುರುಕಾಗಿ ಹಿಂಬಾಲಿಸುತ್ತದೆ. ಬೆಂದ ಜಾಗ ಬೆಳ್ಳಗಾಗುವುದನ್ನು ತೋರಿಸುತ್ತದೆ. ಹಿಸ್ಟೋಟ್ರಿಪ್ಸಿಯಲ್ಲಿ ಗುಳ್ಳೆಗಳೇ ಚಿತ್ರದಲ್ಲಿ ಹೊಳೆಯುವುದರಿಂದ ಶಾಖ ಅಳೆಯುವ ಪ್ರಶ್ನೆಯೇ ಏಳುವುದಿಲ್ಲ. ಯಾವ ಅಂಗಕ್ಕೆ ಯಾವ ಕಣ್ಣು ಎಂದು ಹೊಂದಿಸಿಕೊಂಡರೆ ದರವೂ ಇಳಿಯುತ್ತದೆ. ನೋಡುವ ಅಲ್ಟ್ರಾಸೌಂಡ್ ಯಂತ್ರಗಳು ಬೆಂಗಳೂರಿನ ವೈಟ್‌ಫೀಲ್ಡಿನಲ್ಲೇ ತಯಾರಾಗುತ್ತವೆ. ಸುಡುವ ಯಂತ್ರ ಹೊರಗಿನಿಂದ ಬರಬೇಕು. ಒಂದು ಕಾನೂನಿನ ತೊಡಕೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಗರ್ಭದೊಳಗೆ ನೋಡಬಲ್ಲ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಆದ್ದರಿಂದ ಇಂಥದನ್ನು ತಂದು ಕೂರಿಸುವ ಆಸ್ಪತ್ರೆಯೂ ಗೋಡೆಗೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಪರಿಚಿತ ಬೋರ್ಡು ಹೊಡೆಯಬೇಕಾಗುತ್ತದೆ.

ದುಡ್ಡಿನ ಪ್ರಶ್ನೆ ಆದರೂ ಉಳಿಯುತ್ತದೆ. ಭಾರತದಲ್ಲಿ ಇಂಥ ಯಂತ್ರಗಳಿರುವುದು ಬೆರಳೆಣಿಕೆಯಷ್ಟು ಕಡೆ. 2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ ಈ ರಾಜ್ಯದಲ್ಲಿ ಒಂದು ಸಂಗತಿಯನ್ನು ತೋರಿಸಿತು: ತಿಂಗಳಿಗೆ ಕೆಲವೇ ರೂಪಾಯಿ ಕೂಡಿಸಿದರೂ ಲಕ್ಷಾಂತರ ಜನ ಸೇರಿದರೆ ದೊಡ್ಡ ಆಪರೇಷನ್ ಹಳ್ಳಿಯವರ ಕೈಗೆಟುಕುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಆದರೆ ಯೋಜನೆ ಯಾವುದಕ್ಕೆ ಹಣ ಕೊಡುತ್ತದೆಯೋ ಆಸ್ಪತ್ರೆ ಅದನ್ನೇ ಮಾಡುತ್ತದೆ. ಗರ್ಭಕೋಶ ತೆಗೆಯುವುದಕ್ಕೆ ದರ ನಿಗದಿಯಾಗಿದ್ದು, ಉಳಿಸುವುದಕ್ಕೆ ಆಗದಿದ್ದರೆ, ತೆಗೆಯುವುದೇ ನಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹಾಸನಕ್ಕೆ ಈಗಲೇ ಸುಡುವ ಯಂತ್ರ ಬೇಕಿಲ್ಲ. ಗರ್ಭಕೋಶ ತೆಗೆಯುವ ಮುಂಚೆ ಇನ್ನೊಬ್ಬ ವೈದ್ಯರ ಅಭಿಪ್ರಾಯ, ಸಂದೇಹವಿದ್ದಲ್ಲಿ ಒಂದು ಎಂಆರ್‌ಐ, ಇವೆರಡಕ್ಕೆ ಯೋಜನೆಯ ಹಣ ಸಿಗುವಂತಾದರೆ ಈ ವಿದ್ಯೆ ಬರುವ ಮೊದಲೇ ಅದರ ಅರ್ಧ ಪ್ರಯೋಜನ ಬಂದಂತೆ. ಯಂತ್ರ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದರೆ ಸಾಕು. ಒಂದೇ ದಿನದ ಚಿಕಿತ್ಸೆಗೆ ರಾತ್ರಿ ಬಸ್ಸು ಹತ್ತಿ ಹೋಗಿ ಮಾರನೆಯ ರಾತ್ರಿ ಮರಳಬಹುದು.

ರಿಪೋರ್ಟ್ ಕೈಯಲ್ಲಿ ಹಿಡಿದವರು ವೈದ್ಯರ ಜೊತೆ ಕೂತು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇವು: ಗಡ್ಡೆ ಎಷ್ಟು ದೊಡ್ಡದು, ಗೋಡೆಯೊಳಗಿದೆಯೋ ಹೊರಗೆ ಜೋತಿದೆಯೋ, ಒಂದೋ ಹಲವೋ, ರಕ್ತ ಎಷ್ಟು ಗ್ರಾಂಗೆ ಇಳಿದಿದೆ, ಹೊಟ್ಟೆಯ ಹಳೆಯ ಕಲೆ ಎಲ್ಲಿದೆ, ವಯಸ್ಸೆಷ್ಟು. ಕೊನೆಯದು ಎಲ್ಲಕ್ಕಿಂತ ಹೆಚ್ಚು ಬೆಲೆಯ ಪ್ರಶ್ನೆ. ನಲವತ್ತೆಂಟು ದಾಟಿದ, ರಕ್ತಸ್ರಾವ ಮಾತ್ರೆಗೆ ಹಿಡಿತಕ್ಕೆ ಬರುವ ಹೆಂಗಸಿಗೆ ಕತ್ತಿಯೂ ಬೇಡ, ಧ್ವನಿಯೂ ಬೇಡ ಎನ್ನುವ ಸಂದರ್ಭಗಳೇ ಹೆಚ್ಚು. ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತದೆ.